ಮೊದಲು ಇಮೇಲ್‌ಗೆ ಬೀಗ ಹಾಕಿ: ಮನೆಮಂದಿಯ ಫೋನು, ಲ್ಯಾಪ್‌ಟಾಪು ಭದ್ರ ಮಾಡೋದು ಹೇಗೆ

ತಿಪಟೂರಿನಲ್ಲಿರುವ ಚಿಕ್ಕಪ್ಪ ಒಂದು ರಾತ್ರಿ ಫೋನ್ ಮಾಡಿದರು. "ಲ್ಯಾಪ್‌ಟಾಪ್ ಮೂಲೆಯಲ್ಲಿ ಐದು ವೈರಸ್ ಇದೆ ಅಂತ ಬರ್ತಾನೇ ಇದೆ ಕಣೋ, ರಿಪೇರಿ ಅಂಗಡಿಗೆ ಕೊಡ್ಲಾ?" ಅಂದರು. ಕೊಡಬೇಡಿ, ಭಾನುವಾರ ನಾನೇ ಬರ್ತೀನಿ ಅಂದೆ. ಹೋಗಿ ನೋಡಿದರೆ ವೈರಸ್ ಒಂದೂ ಇರಲಿಲ್ಲ. ಆದರೆ ಓದದೇ ಬಿದ್ದಿದ್ದ ಮೇಲ್ 11 ಸಾವಿರ ದಾಟಿತ್ತು. ಬ್ಯಾಂಕಿಗೂ ಇಮೇಲ್‌ಗೂ ಕರೆಂಟ್ ಬಿಲ್ಲಿಗೂ ಒಂದೇ ಪಾಸ್‌ವರ್ಡ್ ಇತ್ತು. ಜೊತೆಗೆ, ಆ ಇಮೇಲ್‌ಗೆ ಜೋಡಿಸಿದ್ದ ಮೊಬೈಲ್ ನಂಬರನ್ನು ಅವರು ಬಿಟ್ಟು ನಾಲ್ಕು ವರ್ಷವಾಗಿತ್ತು. ಇದನ್ನು ನೋಡಿದಾಗ ಮಾತ್ರ ನನಗೆ ನಿಜವಾಗಲೂ ಭಯವಾಯಿತು.

ಬೆಳಿಗ್ಗೆ ತಿಂಡಿ ಮುಗಿಸಿ ಕೂತವರು ಸಂಜೆ ಕಾಫಿ ಹೊತ್ತಿಗೆ ಎದ್ದೆವು. ಅವತ್ತು ಏನೇನು ಮಾಡಿದೆವೋ ಅದನ್ನು ಅದೇ ಕ್ರಮದಲ್ಲಿ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಅಪ್ಪನೋ ಅತ್ತೆಯೋ ನೀವೋ ಇದೇ ಸ್ಥಿತಿಯಲ್ಲಿರಬಹುದು. ದುಡ್ಡು ಕೊಟ್ಟು ಏನನ್ನೂ ಕೊಳ್ಳಬೇಕಾಗಿಲ್ಲ. ಒಂದು ದಿನ ಬಿಡುವು ಮಾಡಿಕೊಂಡರೆ ಸಾಕು.

ಮೂಲೆಯಲ್ಲಿ ಬರೋ ವೈರಸ್

ಚಿಕ್ಕಪ್ಪನಿಗೆ ಅದೇ ತಲೆಬಿಸಿಯಾಗಿದ್ದರಿಂದ ಅಲ್ಲಿಂದಲೇ ಶುರು ಮಾಡಿದೆ. ಅದು ಕ್ರೋಮ್‌ನ ನೋಟಿಫಿಕೇಷನ್, ಅಷ್ಟೇ. ಯಾವುದೋ ಸೈಟ್ ತೆರೆದಾಗ "ನೀವು ರೋಬೋ ಅಲ್ಲ ಅಂತ ತೋರಿಸಲು ಅಲೋ ಒತ್ತಿ", "ವಿಡಿಯೋ ನೋಡಲು ಅಲೋ ಒತ್ತಿ" ಅಂತ ಕೇಳಿರುತ್ತಾರೆ. ನಾವು ಒತ್ತಿರುತ್ತೇವೆ. ಆಮೇಲೆ ಆ ಸೈಟನ್ನು ಮುಚ್ಚಿದರೂ ಅದು ನಮ್ಮ ಪರದೆಯ ಮೂಲೆಗೆ ಚೀಟಿ ಕಳಿಸುತ್ತಲೇ ಇರುತ್ತದೆ. ಚೀಟಿಯ ಮೇಲೆ ಯಾವುದೋ ಆಂಟಿವೈರಸ್ಸಿನ ಚಿತ್ರ ಅಂಟಿಸಿರುತ್ತಾರೆ, ನಾವು ಹೆದರಿ ಅದರ ಮೇಲೆ ಒತ್ತಲಿ ಅಂತ.

ತೆಗೆಯೋದು ಸುಲಭ. ಕ್ರೋಮ್‌ನಲ್ಲಿ ಬಲಗಡೆ ಮೇಲಿರುವ ಮೂರು ಚುಕ್ಕೆ ಒತ್ತಿ ಸೆಟ್ಟಿಂಗ್ಸ್‌ಗೆ ಹೋಗಿ. ಅಲ್ಲಿ ಪ್ರೈವೆಸಿ ಆ್ಯಂಡ್ ಸೆಕ್ಯೂರಿಟಿ, ಅದರೊಳಗೆ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಷನ್ಸ್. ಅನುಮತಿ ಪಡೆದ ಸೈಟುಗಳ ಪಟ್ಟಿ ಕಾಣುತ್ತದೆ. ಚಿಕ್ಕಪ್ಪನ ಪಟ್ಟಿಯಲ್ಲಿ 23 ಇದ್ದವು, ಅವರಿಗೆ ಗುರುತಿದ್ದದ್ದು ಎರಡೇ. ಎಲ್ಲವನ್ನೂ ತೆಗೆದುಹಾಕಿ, ಇನ್ನು ಮುಂದೆ ಯಾವ ಸೈಟೂ ಕೇಳಲೇಬಾರದು ಅನ್ನೋ ಆಯ್ಕೆಯನ್ನು ಅಲ್ಲೇ ಮೇಲೆ ಆರಿಸಿ. ಐದು ನಿಮಿಷದ ಕೆಲಸ. ಪಕ್ಕದಲ್ಲೇ ಎಕ್ಸ್‌ಟೆನ್ಷನ್‌ಗಳ, ಅಂದರೆ ಕ್ರೋಮ್‌ಗೆ ನಾವು ಸೇರಿಸಿಕೊಂಡ ಸಣ್ಣ ತಂತ್ರಾಂಶಗಳ, ಪಟ್ಟಿಯನ್ನೂ ನೋಡಿಬಿಡಿ. ಕೂಪನ್ ಹುಡುಕಿಕೊಡೋದು, ಪಿಡಿಎಫ್ ಬದಲಾಯಿಸೋದು ಅಂತ ಯಾವಾಗಲೋ ಹಾಕಿಕೊಂಡ ಎಕ್ಸ್‌ಟೆನ್ಷನ್‌ಗೆ ನೀವು ತೆರೆಯುವ ಪುಟಗಳನ್ನೆಲ್ಲ ಓದುವ ಅನುಮತಿ ಇರಬಹುದು. ಬಳಸದೇ ಇರೋದನ್ನು ಕಿತ್ತುಹಾಕಿ.

ಇದರ ಅಣ್ಣ ಇನ್ನೊಂದಿದೆ. ಪರದೆ ತುಂಬ ಕೆಂಪು, ಬೀಪ್ ಶಬ್ದ, "ಕೂಡಲೇ ಈ ನಂಬರಿಗೆ ಫೋನ್ ಮಾಡಿ" ಅನ್ನೋ ಎಚ್ಚರಿಕೆ. ಫೋನ್ ಮಾಡಬೇಡಿ. ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಎಸ್ಕೇಪ್ ಕೀಲಿಯನ್ನು ಒತ್ತಿ ಹಿಡಿದುಕೊಳ್ಳಿ. ಆಗಲಿಲ್ಲ ಅಂದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರ್‌ನಿಂದ ಕ್ರೋಮನ್ನು ಮುಚ್ಚಿ. ಮತ್ತೆ ತೆರೆದಾಗ ಹಳೆಯ ಪುಟಗಳನ್ನು ರಿಸ್ಟೋರ್ ಮಾಡಲಾ ಅಂತ ಕೇಳಿದರೆ ಬೇಡ ಅನ್ನಿ.

ಕೀಲಿಕೈ ಗೊಂಚಲು ಇರೋದು ಇಮೇಲ್‌ನಲ್ಲಿ

ಇನ್ನು ನಿಜವಾದ ಕೆಲಸ. ಜನ ಬ್ಯಾಂಕ್ ಪಾಸ್‌ವರ್ಡ್ ಬಗ್ಗೆ ಹೆದರುತ್ತಾರೆ, ಇಮೇಲ್ ಪಾಸ್‌ವರ್ಡ್ ಬಗ್ಗೆ ಹೆದರುವುದಿಲ್ಲ. ನನ್ನ ಪ್ರಕಾರ ಇದು ತಿರುಗುಮುರುಗಾಗಬೇಕು. ಯೋಚನೆ ಮಾಡಿ, ಯಾವ ಸೈಟಿನ ಪಾಸ್‌ವರ್ಡ್ ಮರೆತರೂ ಹೊಸದನ್ನು ಮಾಡಿಕೊಳ್ಳುವ ಕೊಂಡಿ ಬರೋದು ಎಲ್ಲಿಗೆ? ಹೆಚ್ಚಿನ ಸಲ ಇಮೇಲ್‌ಗೆ ಅಲ್ವಾ? ಹಾಗಾದರೆ ನಿಮ್ಮ ಇಮೇಲ್ ಒಳಗೆ ಬಂದವನಿಗೆ ಬೇರೆ ಯಾವ ಪಾಸ್‌ವರ್ಡೂ ಗೊತ್ತಿರಬೇಕಾಗಿಲ್ಲ. ಒಂದೊಂದಾಗಿ "ಮರೆತೆ" ಅಂತ ಒತ್ತುತ್ತಾ ಹೋದರೆ ಸಾಕು. ಫೋಟೋ, ಕಾಂಟ್ಯಾಕ್ಟು, ಡ್ರೈವ್‌ನಲ್ಲಿಟ್ಟ ಕ್ರಯಪತ್ರದ ಸ್ಕ್ಯಾನು, ಎಲ್ಲವೂ ಅವನದೇ.

ಜಿಮೇಲ್ ಇದ್ದರೆ ಮೇಲೆ ಬಲಗಡೆ ನಿಮ್ಮ ಚಿತ್ರ ಒತ್ತಿ, ಮ್ಯಾನೇಜ್ ಯುವರ್ ಗೂಗಲ್ ಅಕೌಂಟ್‌ಗೆ ಹೋಗಿ, ಸೆಕ್ಯೂರಿಟಿ ವಿಭಾಗ ತೆರೆಯಿರಿ. ಮೊದಲು ನೋಡಬೇಕಾದ್ದು ರಿಕವರಿ ಫೋನ್ ಮತ್ತು ರಿಕವರಿ ಇಮೇಲ್. ಚಿಕ್ಕಪ್ಪನ ಹಳೆಯ ನಂಬರ್ ನೋಡಿ ನನಗೆ ಭಯವಾಗಿದ್ದು ಇದಕ್ಕೇ. ನಾವು ಬಿಟ್ಟ ನಂಬರನ್ನು ಕಂಪನಿಗಳು 90 ದಿನ ಖಾಲಿ ಇಟ್ಟು ಆಮೇಲೆ ಬೇರೆಯವರಿಗೆ ಕೊಡಬಹುದು. ಆ ಹೊಸಬರು ಕಳ್ಳರೇ ಆಗಿರಬೇಕಿಲ್ಲ, ಆದರೆ ನಿಮ್ಮ ಒಟಿಪಿ ಅವರ ಕೈಗೆ ಹೋಗುತ್ತದೆ. ಹಾಗಾಗಿ ನಂಬರ್ ಬದಲಾಯಿಸಿದವರು ಮೊದಲು ಇಮೇಲ್, ಆಮೇಲೆ ಬ್ಯಾಂಕು, ಆಮೇಲೆ ಆಧಾರ್, ಈ ಮೂರೂ ಕಡೆ ಹೊಸ ನಂಬರ್ ಹಾಕಿಸಿದ ನಂತರವೇ ಹಳೇ ಸಿಮ್ ಬಿಡಿ. ಬಿಟ್ಟುಬಿಟ್ಟಿದ್ದರೆ ಇವತ್ತೇ ಹೋಗಿ ಸರಿಮಾಡಿಸಿ.

ಅದೇ ಪುಟದಲ್ಲಿ ಯುವರ್ ಡಿವೈಸಸ್ ಅಂತ ಇದೆ. ನಿಮ್ಮ ಖಾತೆ ಎಲ್ಲೆಲ್ಲಿ ತೆರೆದಿದೆ ಅನ್ನೋ ಪಟ್ಟಿ ಅದು. ಎಕ್ಸ್‌ಚೇಂಜ್‌ಗೆ ಕೊಟ್ಟ ಹಳೇ ಫೋನು, ಮಗಳ ಹಾಸ್ಟೆಲ್ ಗೆಳತಿಯ ಲ್ಯಾಪ್‌ಟಾಪು, ಸೈಬರ್ ಸೆಂಟರಿನ ಕಂಪ್ಯೂಟರು ಎಲ್ಲ ಅಲ್ಲಿ ಸಿಗಬಹುದು. ಗುರುತಿಲ್ಲದ್ದನ್ನು, ಕೈಯಲ್ಲಿ ಇಲ್ಲದ್ದನ್ನು ಸೈನ್ ಔಟ್ ಮಾಡಿ. ಜಿಮೇಲ್‌ನ ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್ ಮತ್ತು ಫಿಲ್ಟರ್ಸ್ ಅನ್ನೋ ಜಾಗಗಳನ್ನೂ ಒಮ್ಮೆ ನೋಡಿ. ಒಂದು ಸಲ ಒಳಗೆ ಬಂದವನು ನಿಮ್ಮ ಮೇಲ್‌ಗಳ ಪ್ರತಿ ತನಗೂ ಬರುವ ಹಾಗೆ ಅಲ್ಲಿ ಏರ್ಪಾಟು ಮಾಡಿಟ್ಟು ಹೋಗಿದ್ದರೆ, ಪಾಸ್‌ವರ್ಡ್ ಬದಲಾಯಿಸಿದರೂ ಆ ಸೋರಿಕೆ ನಿಲ್ಲೋದಿಲ್ಲ. ಈ ಜಾಗವನ್ನು ಯಾರೂ ನೋಡುವುದಿಲ್ಲ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಪಾಸ್‌ವರ್ಡ್ ವಿಷಯ. ಮನೆದೇವರ ಹೆಸರು, ಮಗನ ಹುಟ್ಟಿದ ವರ್ಷ, ಕೊನೆಗೊಂದು ಅಟ್ ಚಿಹ್ನೆ. ನಮ್ಮಲ್ಲಿ ಮುಕ್ಕಾಲುಪಾಲು ಪಾಸ್‌ವರ್ಡ್ ಈ ಅಚ್ಚಿನವೇ ಇರಬೇಕು ಅನ್ನಿಸುತ್ತದೆ, ಊಹಿಸುವವರಿಗೂ ಇದು ಗೊತ್ತು. ಬದಲಿಗೆ ಉದ್ದ ಮಾಡಿ. ಮನೆಯಲ್ಲಿರುವ ಯಾವುದಾದರೂ ದಪ್ಪ ಪುಸ್ತಕ ತೆಗೆದುಕೊಂಡು, ಕಣ್ಣುಮುಚ್ಚಿ ಐದು ಕಡೆ ಬೆರಳಿಟ್ಟು, ಸಿಕ್ಕ ಐದು ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಒಂದರ ಪಕ್ಕ ಒಂದು ಬರೆಯಿರಿ. ನುಗ್ಗೆ, ಕಂಬಳಿ, ಏಣಿ, ಮುಂಗಾರು, ಡಬ್ಬಿ ಅನ್ನೋ ಹಾಗೆ. ಒಂದಕ್ಕೊಂದು ಸಂಬಂಧ ಇಲ್ಲದಿದ್ದಷ್ಟೂ ಒಳ್ಳೆಯದು. ನೆನಪಿಟ್ಟುಕೊಳ್ಳೋದೂ ಸುಲಭ, ಏಣಿಯ ಮೇಲೆ ಕಂಬಳಿ ಹೊದ್ದ ನುಗ್ಗೆಕಾಯಿಯನ್ನು ಮರೆಯೋದು ಕಷ್ಟ. ಈಗ ನಾನು ಬರೆದ ಐದನ್ನೇ ಮಾತ್ರ ಬಳಸಬೇಡಿ.

ಇಮೇಲ್‌ಗೆ ಒಂದು, ಬ್ಯಾಂಕಿಗೆ ಒಂದು, ಮಿಕ್ಕಿದ್ದಕ್ಕೆ ಬೇರೆ ಬೇರೆ. ಒಂದೇ ಪಾಸ್‌ವರ್ಡ್ ಎಲ್ಲ ಕಡೆ ಇದ್ದರೆ ಯಾವುದೋ ಚಪ್ಪಲಿ ಮಾರುವ ಸೈಟಿನಿಂದ ಸೋರಿದ್ದು ನಿಮ್ಮ ಇಮೇಲ್ ಬಾಗಿಲನ್ನೂ ತೆರೆಯುತ್ತದೆ. ಎಲ್ಲಾದರೂ ಸೋರಿದೆಯಾ ಅಂತ ತಿಳಿಯಲು ಆಸ್ಟ್ರೇಲಿಯಾದ ಟ್ರಾಯ್ ಹಂಟ್ 2013ರಲ್ಲಿ ಶುರು ಮಾಡಿದ "ಹ್ಯಾವ್ ಐ ಬೀನ್ ಪೋನ್ಡ್" ಅನ್ನೋ ಸೈಟಿದೆ. ಇಮೇಲ್ ವಿಳಾಸ ಮಾತ್ರ ಕೊಟ್ಟು ನೋಡಬಹುದು. ಚಿಕ್ಕಪ್ಪನ ವಿಳಾಸ ನಾಲ್ಕು ಸೋರಿಕೆಗಳಲ್ಲಿತ್ತು. ಇಷ್ಟೊಂದು ಪಾಸ್‌ವರ್ಡ್ ಎಲ್ಲಿಡೋದು ಅಂದರೆ, ಕಂಪ್ಯೂಟರ್ ರೂಢಿ ಇರುವವರಿಗೆ ಬಿಟ್‌ವಾರ್ಡನ್ ಥರದ ಪಾಸ್‌ವರ್ಡ್ ಮ್ಯಾನೇಜರ್ ಇದೆ, ಉಚಿತ. ರೂಢಿ ಇಲ್ಲದವರಿಗೆ ನಾನು ಒಂದು ನೋಟ್‌ಬುಕ್ ಕೊಡುತ್ತೇನೆ. ಬರೆದಿಡಬಾರದು ಅಂತ ಎಲ್ಲರೂ ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ದೂರದ ಯಾವುದೋ ಊರಿನಲ್ಲಿ ಕೂತ ವಂಚಕ ತಿಪಟೂರಿನ ಮನೆಯ ಬೀರುವಿನೊಳಗಿನ ನೋಟ್‌ಬುಕ್ಕನ್ನು ಓದಲಾರ. ಪಾಸ್‌ವರ್ಡ್ ಬರೆದ ಚೀಟಿಯನ್ನು ಪರ್ಸಿನಲ್ಲಿ ಇಡಬೇಡಿ, ಫೋಟೋ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ನಿಮಗೇ ಕಳಿಸಿಕೊಳ್ಳಬೇಡಿ, ಅಷ್ಟೇ. ಯುಪಿಐ ಪಿನ್ ಮತ್ತು ಎಟಿಎಂ ಪಿನ್ ಮಾತ್ರ ಎಲ್ಲೂ ಬೇಡ, ತಲೆಯಲ್ಲೇ ಇರಲಿ.

ಕೊನೆಗೆ, ಪಾಸ್‌ವರ್ಡ್ ಆದಮೇಲೆ ಇನ್ನೊಂದು ಗುರುತನ್ನೂ ಕೇಳುವ ಟೂ-ಸ್ಟೆಪ್ ವೆರಿಫಿಕೇಷನ್ ಆನ್ ಮಾಡಿ. ಪಾಸ್‌ವರ್ಡ್ ಕದ್ದವನಿಗೂ ಇದು ಎರಡನೇ ಬಾಗಿಲು. ಎಸ್‌ಎಂಎಸ್‌ನಲ್ಲಿ ಬರುವ ಕೋಡ್‌ಗಿಂತ ಫೋನಿನ ಪರದೆಯಲ್ಲಿ ಹೌದು ಅಂತ ಒತ್ತುವುದೋ, ಫೋನಿನಲ್ಲೇ ಕೋಡ್ ತೋರಿಸುವ ಅಥೆಂಟಿಕೇಟರ್ ಆ್ಯಪೋ ಮೇಲು, ಯಾಕೆಂದರೆ ನಕಲಿ ಸಿಮ್ ತೆಗೆದು ಎಸ್‌ಎಂಎಸ್ ಕದಿಯುವವರಿದ್ದಾರೆ. ಆದರೆ ಏನೂ ಇಲ್ಲದಿರುವುದಕ್ಕಿಂತ ಎಸ್‌ಎಂಎಸ್ ಎಷ್ಟೋ ವಾಸಿ. ಅಲ್ಲೇ ಬ್ಯಾಕಪ್ ಕೋಡ್ಸ್ ಅಂತ ಹತ್ತು ಕೋಡ್ ಕೊಡುತ್ತಾರೆ. ಫೋನ್ ಕಳೆದ ದಿನ ಅವೇ ನಿಮ್ಮನ್ನು ಒಳಗೆ ಬಿಡೋದು. ಕಾಗದಕ್ಕೆ ಬರೆದು ಮನೆಪತ್ರದ ಜೊತೆ ಇಡಿ.

ಬೇಡದ ಮೇಲ್‌ಗಳು

11 ಸಾವಿರ ಮೇಲ್ ಅಂದರೆ ಬರೀ ಕಸ ಅಲ್ಲ, ಆ ಕಸದ ಅಡಿಯಲ್ಲಿ ವಿಮೆ ಕಂತಿನ ನೆನಪೋಲೆ ಸಿಕ್ಕಿಹಾಕಿಕೊಂಡಿತ್ತು. ಅದನ್ನು ಓದದೇ ಚಿಕ್ಕಪ್ಪ ದಂಡ ಕಟ್ಟಿದ್ದರು. ಜಿಮೇಲ್‌ನ 15 ಜಿಬಿ ತುಂಬಿಹೋದರೆ ಹೊಸ ಮೇಲ್ ಬರೋದೂ ನಿಲ್ಲುತ್ತದೆ.

ಇಲ್ಲಿ ಒಂದೇ ವ್ಯತ್ಯಾಸ ತಿಳಿದರೆ ಅರ್ಧ ಕೆಲಸ ಮುಗಿಯಿತು. ನೀವು ಯಾವತ್ತೋ ಸೀರೆ ಕೊಂಡ ಅಂಗಡಿ, ಬಸ್ ಟಿಕೆಟ್ ಮಾಡಿದ ಆ್ಯಪ್, ಹೀಗೆ ನಿಮಗೆ ಗುರುತಿರುವವರಿಂದ ಬರುವ ಮೇಲ್ ಆದರೆ ಅನ್‌ಸಬ್‌ಸ್ಕ್ರೈಬ್ ಒತ್ತಿ. ಗುರುತೇ ಇಲ್ಲದವರದ್ದಾದರೆ ಒತ್ತಬೇಡಿ, ಸ್ಪ್ಯಾಮ್ ಅಂತ ಗುರುತು ಹಾಕಿ. ಗುರುತಿಲ್ಲದವರ ಮೇಲ್‌ನ ಕೆಳಗಿರುವ ಅನ್‌ಸಬ್‌ಸ್ಕ್ರೈಬ್ ಕೊಂಡಿ ಒತ್ತಿದರೆ, ಈ ವಿಳಾಸದಲ್ಲಿ ನಿಜವಾಗಿ ಒಬ್ಬರಿದ್ದಾರೆ, ಮೇಲ್ ಓದುತ್ತಾರೆ ಅಂತ ನೀವೇ ಹೇಳಿಕೊಟ್ಟ ಹಾಗೆ. ಗುರುತಿರುವ ಅಂಗಡಿಗೂ ಮೇಲ್‌ನ ಅಡಿಯಲ್ಲಿ ಸಣ್ಣಕ್ಷರದಲ್ಲಿ ಹುಡುಕಬೇಕಾಗಿಲ್ಲ. ದೊಡ್ಡ ಪ್ರಮಾಣದಲ್ಲಿ ಜಾಹೀರಾತು ಮೇಲ್ ಕಳಿಸುವವರು ಒಂದೇ ಒತ್ತಿಗೆ ಬಿಡುಗಡೆ ಕೊಡಬೇಕು ಅಂತ ಗೂಗಲ್ ಮತ್ತು ಯಾಹೂ 2024ರಲ್ಲಿ ನಿಯಮ ತಂದವು. ಹಾಗಾಗಿ ಕಳಿಸಿದವರ ಹೆಸರಿನ ಪಕ್ಕದಲ್ಲೇ ಆ ಗುಂಡಿ ಕಾಣುತ್ತದೆ. ಜಿಮೇಲ್‌ನ ಎಡಗಡೆ ಪಟ್ಟಿಯಲ್ಲಿ ಮ್ಯಾನೇಜ್ ಸಬ್‌ಸ್ಕ್ರಿಪ್ಷನ್ಸ್ ಅಂತ ಇದ್ದರೆ ಇನ್ನೂ ಸುಲಭ. ಯಾರು ಎಷ್ಟು ಮೇಲ್ ಕಳಿಸಿದ್ದಾರೆ ಅನ್ನೋ ಪಟ್ಟಿ ಒಂದೇ ಕಡೆ ಸಿಗುತ್ತದೆ, ಮೇಲಿನಿಂದ ಕೆಳಗೆ ಒತ್ತುತ್ತಾ ಬನ್ನಿ. ನಾವು ಅರ್ಧ ಗಂಟೆಯಲ್ಲಿ 60 ಕಡೆಯಿಂದ ಹೊರಬಂದೆವು. ಹಳೆಯ ರಾಶಿಯನ್ನು ಪ್ರಮೋಷನ್ಸ್ ವಿಭಾಗಕ್ಕೆ ಹೋಗಿ, ಮೇಲಿನ ಚೌಕ ಒತ್ತಿ, ಎಲ್ಲವನ್ನೂ ಆರಿಸುವ ಸಾಲು ಬಂದಾಗ ಅದನ್ನೂ ಒತ್ತಿ ಅಳಿಸಿದೆವು. ಬಿಲ್ಲೋ ವಾರಂಟಿಯೋ ಅಲ್ಲಿ ಸೇರಿಕೊಂಡಿದೆಯಾ ಅಂತ ಮೊದಲು ಹುಡುಕಿ ನೋಡಿ, ಬೇಕಾದ್ದನ್ನು ತೆಗೆದಿಟ್ಟುಕೊಳ್ಳಿ.

ಮುಂದೆ ಕಸ ಸೇರದ ಹಾಗೆ ಮಾಡೋದು ಹೇಗೆ? ಇನ್ನೊಂದು ಇಮೇಲ್ ಮಾಡಿಕೊಳ್ಳಿ. ಬ್ಯಾಂಕು, ಆಧಾರ್, ವಿಮೆ, ಮಕ್ಕಳ ಶಾಲೆ ಇವಕ್ಕೆ ಮಾತ್ರ ಮುಖ್ಯ ವಿಳಾಸ. ಅಂಗಡಿ, ಆಫರ್, ಲಕ್ಕಿ ಡ್ರಾ, ವೈಫೈ ಬೇಕಾದರೆ ಇಮೇಲ್ ಕೊಡಿ ಅನ್ನುವವರು, ಇವರಿಗೆಲ್ಲ ಎರಡನೆಯದು. ಜಿಮೇಲ್‌ನಲ್ಲಿ ಇನ್ನೊಂದು ಉಪಾಯವೂ ಇದೆ. ವಿಳಾಸದಲ್ಲಿ ನಿಮ್ಮ ಹೆಸರು ಮುಗಿದ ಕೂಡಲೇ ಪ್ಲಸ್ ಚಿಹ್ನೆ ಹಾಕಿ ಏನಾದರೂ ಬರೆದು ಆಮೇಲೆ ಅಟ್ ಜಿಮೇಲ್ ಅಂತ ಕೊಟ್ಟರೂ ಮೇಲ್ ನಿಮಗೇ ಬರುತ್ತದೆ. ಬಟ್ಟೆ ಅಂಗಡಿಗೆ ಪ್ಲಸ್ ಬಟ್ಟೆ, ಔಷಧಿ ಅಂಗಡಿಗೆ ಪ್ಲಸ್ ಔಷಧಿ ಅಂತ ಇಂಗ್ಲಿಷ್ ಅಕ್ಷರದಲ್ಲಿ ಕೊಡಿ. ನಾನು ಹೀಗೆ ಒಂದು ಕಡೆ ಕೊಟ್ಟ ವಿಳಾಸಕ್ಕೆ ಎರಡು ತಿಂಗಳಲ್ಲಿ ಸಾಲ ಬೇಕಾ ಅಂತ ಮೇಲ್ ಬರತೊಡಗಿತು. ಯಾರು ಕೊಟ್ಟರು ಅನ್ನೋದು ಗೊತ್ತಾಯಿತು, ಅವರ ಹತ್ತಿರ ವ್ಯವಹಾರ ಬಿಟ್ಟೆ.

ಜಾಹೀರಾತು ಮೇಲ್ ನೀವು ತೆರೆದಿರಾ ಇಲ್ಲವಾ ಅಂತ ಕಳಿಸಿದವರಿಗೆ ಗೊತ್ತಾಗಬಹುದು. ಕಣ್ಣಿಗೆ ಕಾಣದಷ್ಟು ಸಣ್ಣ ಚಿತ್ರ ಒಳಗಿಟ್ಟಿರುತ್ತಾರೆ, ಅದು ಲೋಡ್ ಆದಾಗ ಅವರಿಗೆ ಸುದ್ದಿ ಹೋಗುತ್ತದೆ. ಜಿಮೇಲ್‌ನ ಸೆಟ್ಟಿಂಗ್ಸ್‌ನಲ್ಲಿ ಇಮೇಜಸ್ ಅನ್ನೋ ಸಾಲಿನ ಎದುರು, ತೋರಿಸುವ ಮುಂಚೆ ಕೇಳು ಅನ್ನುವುದನ್ನು ಆರಿಸಿದರೆ ಸಾಕು.

ಕೊಂಡಿಯನ್ನು ಓದೋದು

ವಂಚನೆಯ ಮೇಲ್ ಅಕ್ಷರ ತಪ್ಪುಗಳಿಂದ ಗೊತ್ತಾಗುತ್ತದೆ ಅಂತ ಮೊದಲು ಹೇಳುತ್ತಿದ್ದರು. ಆ ಕಾಲ ಹೋಯಿತು, ಈಗ ಕನ್ನಡದಲ್ಲೂ ಅಚ್ಚುಕಟ್ಟಾಗಿ ಬರೆದು ಕಳಿಸುತ್ತಾರೆ. ನೋಡಬೇಕಾದ್ದು ವಿಳಾಸವನ್ನು. ಅದನ್ನು ಅಂಚೆ ವಿಳಾಸದ ಹಾಗೆ ಓದಿ. ಕಾಗದದ ಮೇಲೆ ಹೆಸರು ಏನೇ ಇರಲಿ, ಅದು ಹೋಗುವ ಊರು ಕೊನೆಯಲ್ಲಿರುತ್ತದೆ. ಕೊಂಡಿಯಲ್ಲೂ ಹಾಗೆಯೇ. ಶುರುವಿನ ಎರಡು ಓರೆಗೆರೆ ಬಿಟ್ಟು, ಅದರ ನಂತರ ಮೊದಲು ಸಿಗುವ ಓರೆಗೆರೆಗೆ ತಾಗಿದಂತೆ ಎಡಗಡೆ ಏನಿದೆ ನೋಡಿ. ಅದೇ ಊರು. ಅದಕ್ಕಿಂತ ಮೊದಲು ಬ್ಯಾಂಕಿನ ಹೆಸರು ಎಷ್ಟು ಸಲ ಬರೆದಿದ್ದರೂ, ಆ ಜಾಗದಲ್ಲಿ ಕೆವೈಸಿ ಅಪ್‌ಡೇಟ್ ಡಾಟ್ ಎಕ್ಸ್‌ವೈಜೆಡ್ ಅಂತಿದ್ದರೆ ಅದು ಬ್ಯಾಂಕಿನದಲ್ಲ.

ಈ ವಿಷಯದಲ್ಲಿ ಈಗ ಒಂದು ಅನುಕೂಲವಾಗಿದೆ. ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ 31ರೊಳಗೆ ಡಾಟ್ ಬ್ಯಾಂಕ್ ಡಾಟ್ ಇನ್ ಅನ್ನೋ ವಿಳಾಸಕ್ಕೆ ಬರಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿತ್ತು. ಆ ಹೆಸರು ಬ್ಯಾಂಕುಗಳಿಗೆ ಮಾತ್ರ ಸಿಗುತ್ತದೆ. ಬ್ಯಾಂಕ್ ಅಡ್ಡಗೆರೆ ಇನ್ ಡಾಟ್ ಕಾಮ್ ಅಂತಿದ್ದರೆ ಮೋಸ. ಎಸ್‌ಎಂಎಸ್‌ನಲ್ಲೂ ಕಳಿಸಿದವರ ಹೆಸರಿನ ಕೊನೆಯ ಅಕ್ಷರ ನೋಡೋದು ಕಲಿಯಿರಿ. ಇಂಗ್ಲಿಷಿನ ಪಿ ಇದ್ದರೆ ಜಾಹೀರಾತು, ಎಸ್ ಸೇವೆ, ಟಿ ವ್ಯವಹಾರ, ಜಿ ಸರ್ಕಾರ. ನಿಮ್ಮ ಖಾತೆ ಬಂದ್ ಆಗುತ್ತದೆ ಅನ್ನೋ ಸಂದೇಶ ಹತ್ತು ಅಂಕಿಯ ಮಾಮೂಲಿ ಮೊಬೈಲ್ ನಂಬರಿನಿಂದ ಬಂದಿದ್ದರೆ ಓದಿ ಮುಗಿಸುವ ಮೊದಲೇ ಅಳಿಸಬಹುದು. ಜಾಹೀರಾತು ಕರೆಗಳು ಬೇಡ ಅಂದರೆ 1909ಕ್ಕೆ ಕರೆ ಮಾಡಿ ಡಿಎನ್‌ಡಿ ಹಾಕಿಸಿ.

ಅನುಮಾನ ಬಂದರೆ ನಾನು ಮಾಡೋದಿಷ್ಟೇ. ಕೊಂಡಿಯನ್ನು ಮುಟ್ಟೋದಿಲ್ಲ. ಬ್ಯಾಂಕಿನ ಆ್ಯಪನ್ನು ನಾನೇ ತೆರೆಯುತ್ತೇನೆ, ಅಥವಾ ಕಾರ್ಡಿನ ಹಿಂದಿರುವ ನಂಬರಿಗೆ ಫೋನ್ ಮಾಡುತ್ತೇನೆ. ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕೋದಿಲ್ಲ, ಅಲ್ಲಿ ನಕಲಿ ನಂಬರ್‌ಗಳೂ ಬಂದು ಕೂತಿರುತ್ತವೆ.

ಜೆರಾಕ್ಸ್ ಅಂಗಡಿಯಲ್ಲಿ ಉಳಿದುಹೋಗುವ ಆಧಾರ್

ಇದರ ಬಗ್ಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಯಾಕೆಂದರೆ ದಿನಾ ಕಣ್ಣಮುಂದೆ ನಡೆಯುವುದು ಇದು. ಯಾವ ಊರಿನಲ್ಲಾದರೂ ತಾಲ್ಲೂಕು ಕಚೇರಿ ಪಕ್ಕದ ಜೆರಾಕ್ಸ್ ಅಂಗಡಿಗೆ ಹೋಗಿ ನೋಡಿ. ಗೋಡೆಗೆ ಒಂದು ವಾಟ್ಸ್‌ಆ್ಯಪ್ ನಂಬರ್ ಅಂಟಿಸಿರುತ್ತಾರೆ, ಬಂದವರೆಲ್ಲ ಆಧಾರ್, ಪಾನ್, ಪಾಸ್‌ಬುಕ್ಕಿನ ಫೋಟೋ ಅದಕ್ಕೆ ಕಳಿಸಿ ಪ್ರಿಂಟ್ ತೆಗೆಸಿಕೊಂಡು ಹೋಗುತ್ತಾರೆ. ಅಂಗಡಿಯವರು ಕೆಟ್ಟವರಲ್ಲ. ಆದರೆ ಆ ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ಸುತ್ತಮುತ್ತಲ ಹಳ್ಳಿಗಳವರ ಗುರುತಿನ ಚೀಟಿಗಳೆಲ್ಲ ಬಿದ್ದಿರುತ್ತವೆ. ಅದರಲ್ಲಿ ಒಂದು ವೈರಸ್ ಸೇರಿದರೂ ಸಾಕು, ಕೆಲಸ ಬಿಟ್ಟುಹೋಗುವ ಹುಡುಗ ಒಂದು ಪೆನ್‌ಡ್ರೈವ್‌ಗೆ ತುಂಬಿಕೊಂಡರೂ ಸಾಕು.

ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯಲ್ಲ ಅಂತ ಸಮಾಧಾನ ಪಡಬೇಡಿ. ಹೆಸರಿನ ಮೊದಲ ನಾಲ್ಕು ಅಕ್ಷರ, ಹುಟ್ಟಿದ ವರ್ಷ, ಇದು ಎಲ್ಲರಿಗೂ ಗೊತ್ತಿರುವ ಪಾಸ್‌ವರ್ಡ್.

ಸಾಧ್ಯವಾದಷ್ಟೂ ಕಾರ್ಡನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ, ಯಂತ್ರದ ಮೇಲಿಟ್ಟು ಪ್ರತಿ ತೆಗೆಸಿ. ಫೈಲ್ ಕಳಿಸಲೇಬೇಕಾದರೆ ಮಾಸ್ಕ್ಡ್ ಆಧಾರ್ ಕಳಿಸಿ. ಆಧಾರ್ ಕೊಡುವ ಸಂಸ್ಥೆ ಯುಐಡಿಎಐನ ಜಾಲತಾಣದಲ್ಲಿ ಡೌನ್‌ಲೋಡ್ ಮಾಡುವಾಗಲೇ ಆ ಆಯ್ಕೆ ಇರುತ್ತದೆ, ಅದರಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತವೆ. ಪ್ರಿಂಟ್ ಆದಮೇಲೆ "ಅಣ್ಣಾ, ಫೈಲ್ ಡಿಲೀಟ್ ಮಾಡಿಬಿಡಿ" ಅಂತ ಕೇಳಿ, ಅವರು ಅಳಿಸುವ ತನಕ ಅಲ್ಲೇ ನಿಂತಿರಿ. ಬೇಜಾರು ಮಾಡಿಕೊಳ್ಳುವುದಿಲ್ಲ, ನಾನು ಯಾವಾಗಲೂ ಕೇಳುತ್ತೇನೆ. ಪ್ರತಿಯ ಮೇಲೆ ಯಾವ ಕೆಲಸಕ್ಕೆ, ಯಾವ ದಿನ ಕೊಟ್ಟಿದ್ದು ಅಂತ ಅಡ್ಡಲಾಗಿ ಬರೆದು ಸಹಿ ಮಾಡಿ. ಅಲ್ಲಿ ವಾಟ್ಸ್‌ಆ್ಯಪ್ ವೆಬ್ ತೆರೆದಿದ್ದರೆ ಮನೆಗೆ ಬಂದು ಲಿಂಕ್ಡ್ ಡಿವೈಸಸ್ ನೋಡಿ ಲಾಗ್ ಔಟ್ ಮಾಡಿ. ಚಿಕ್ಕಮ್ಮನ ವಾಟ್ಸ್‌ಆ್ಯಪ್‌ನಲ್ಲಿ ಗುರುತಿಲ್ಲದ ಒಂದು ಕಂಪ್ಯೂಟರ್ ಜೋಡಣೆಯಾಗಿತ್ತು, ಯಾವಾಗ ಅಂತ ಅವರಿಗೆ ನೆನಪೇ ಇರಲಿಲ್ಲ.

ಇನ್ನು ಬೆರಳಚ್ಚು. 2023ರಲ್ಲಿ ನಮ್ಮ ರಾಜ್ಯದಲ್ಲೇ, ಮಂಗಳೂರು ಬೆಂಗಳೂರುಗಳಲ್ಲಿ, ಆಸ್ತಿ ನೋಂದಣಿಗೆ ಬೆರಳಚ್ಚು ಕೊಟ್ಟ ಕೆಲವರ ಬ್ಯಾಂಕ್ ಖಾತೆಯಿಂದ ಹಣ ಹೋಯಿತು. ಆಧಾರ್ ನಂಬರು, ಬೆರಳಚ್ಚು ಇದ್ದರೆ ಸಣ್ಣ ಯಂತ್ರದಿಂದಲೇ ಹಣ ತೆಗೆಯುವ ಎಇಪಿಎಸ್ ಅನ್ನೋ ವ್ಯವಸ್ಥೆ ಇದೆ. ಬ್ಯಾಂಕ್ ದೂರವಿರುವ ಹಳ್ಳಿಯವರಿಗೆ ಅದು ದೊಡ್ಡ ಅನುಕೂಲ. ಆದರೆ ಅದಕ್ಕೆ ಒಟಿಪಿ ಬೇಡ. ಅದಕ್ಕಾಗಿ ಯುಐಡಿಎಐನ ಆಧಾರ್ ಆ್ಯಪ್‌ನಲ್ಲೋ ಜಾಲತಾಣದಲ್ಲೋ, ನಿಮ್ಮ ಬೆರಳಚ್ಚನ್ನು ಯಾರೂ ಬಳಸದ ಹಾಗೆ ತಡೆಯುವ ಬಯೋಮೆಟ್ರಿಕ್ ಲಾಕ್ ಹಾಕಿ. ಸಿಮ್ ತೆಗೆದುಕೊಳ್ಳುವಾಗ ಬೆರಳು ಕೇಳಿದರೆ ಕೆಲವು ನಿಮಿಷದ ಮಟ್ಟಿಗೆ ತೆರೆಯಬಹುದು, ಆಮೇಲೆ ತಾನೇ ಮುಚ್ಚಿಕೊಳ್ಳುತ್ತದೆ. ಅಪ್ಪ ಅಮ್ಮ ರೇಷನ್ ಅಂಗಡಿಯಲ್ಲಿ ಬೆರಳು ಕೊಡುವವರಾದರೆ ತೆರೆಯೋದನ್ನೂ ಹೇಳಿಕೊಡಿ, ಇಲ್ಲದಿದ್ದರೆ ಪಡಿತರ ಸಿಗದೆ ವಾಪಸ್ ಬರಬೇಕಾಗುತ್ತದೆ.

ನನ್ನ ಹತ್ತಿರ ಮುಚ್ಚಿಡುವಂಥದ್ದು ಏನಿದೆ ಅಂತ ಚಿಕ್ಕಪ್ಪ ಅವತ್ತು ಕೇಳಿದರು. ಬಹಳ ಜನ ಕೇಳುತ್ತಾರೆ. ನಾನು ಅವರಿಗೆ ಕೆ.ಎಸ್. ಪುಟ್ಟಸ್ವಾಮಿ ಅವರ ಕಥೆ ಹೇಳಿದೆ. ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾಗಿ ನಿವೃತ್ತರಾದವರು. ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನ ನಮ್ಮ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟರು. ಮುಚ್ಚಿಡುವಂಥ ತಪ್ಪು ಮಾಡಿದವರಿಗೆ ಮಾತ್ರ ಬೇಕಾದ ಹಕ್ಕಲ್ಲ ಅದು, ಮನೆಗೆ ಬಾಗಿಲಿರುವ ಎಲ್ಲರದ್ದೂ.

ಫೋನು

ಮದುವೆ ಕರೆಯೋಲೆ, ಟ್ರಾಫಿಕ್ ದಂಡ, ಪಿಎಂ ಕಿಸಾನ್ ಹಣ. ಈ ಮೂರು ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ಫೈಲ್ ಬಂದರೆ ಹೆಸರಿನ ಕೊನೆ ನೋಡಿ. ಎಪಿಕೆ ಅಂತಿದ್ದರೆ ಅದು ಕರೆಯೋಲೆಯಲ್ಲ, ಒಂದು ಆ್ಯಪ್. ಕರೆಯೋಲೆ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಬರುತ್ತದೆ, ಇನ್‌ಸ್ಟಾಲ್ ಮಾಡಿ ಅನ್ನುವುದಿಲ್ಲ. ಆ ಆ್ಯಪ್ ಒಳಗೆ ಬಂದು ಎಸ್‌ಎಂಎಸ್ ಓದುವ ಅನುಮತಿ ಕೇಳುತ್ತದೆ, ನಿಮ್ಮ ಒಟಿಪಿಗಳನ್ನು ಬೇರೆಡೆಗೆ ಕಳಿಸುತ್ತದೆ, ನಿಮ್ಮ ಹೆಸರಿನಲ್ಲೇ ನೆಂಟರಿಷ್ಟರಿಗೂ ಹಂಚಬಹುದು. ಹಾಗಾಗಿ ಕಳಿಸಿದ್ದು ಸ್ವಂತ ಭಾವಮೈದುನನೇ ಆದರೂ ನಂಬಬೇಡಿ, ಫೋನ್ ಮಾಡಿ ಕೇಳಿ. ಸೆಟ್ಟಿಂಗ್ಸ್‌ನಲ್ಲಿ ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್ ಅಂತ ಹುಡುಕಿ, ವಾಟ್ಸ್‌ಆ್ಯಪ್, ಕ್ರೋಮ್, ಫೈಲ್ಸ್ ಮೂರಕ್ಕೂ ಅನುಮತಿ ತೆಗೆಯಿರಿ. ಹಿರಿಯರ ಫೋನಿಗೆ ಮಾಡಬಹುದಾದ ಅತಿ ದೊಡ್ಡ ಉಪಕಾರ ಇದು.

ಈಗಾಗಲೇ ಹಾಕಿಬಿಟ್ಟಿದ್ದರೆ ಮೊದಲು ಫ್ಲೈಟ್ ಮೋಡ್ ಹಾಕಿ, ವೈಫೈಯನ್ನೂ ಆರಿಸಿ. ಬೇರೆ ಫೋನಿನಿಂದ ಬ್ಯಾಂಕಿಗೆ ಹೇಳಿ ಖಾತೆ ತಡೆಹಿಡಿಸಿ. ಆಮೇಲೆ ಆ ಆ್ಯಪ್ ತೆಗೆಯಿರಿ. ಹೋಗದಿದ್ದರೆ, ನಾವು ಹಾಕಿಕೊಂಡ ಆ್ಯಪ್‌ಗಳು ಓಡದ ಸೇಫ್ ಮೋಡ್‌ನಲ್ಲಿ ಫೋನ್ ತೆರೆದು ತೆಗೆಯಿರಿ, ಅದಕ್ಕೂ ಬಗ್ಗದಿದ್ದರೆ ಫ್ಯಾಕ್ಟರಿ ರೀಸೆಟ್.

ಉಳಿದದ್ದು ಬೇಗ ಹೇಳುತ್ತೇನೆ. ಪರ್ಮಿಷನ್ ಮ್ಯಾನೇಜರ್ ತೆರೆದು ಮೈಕು, ಕ್ಯಾಮೆರಾ, ಲೊಕೇಷನ್, ಎಸ್‌ಎಂಎಸ್ ಯಾರ್ಯಾರಿಗೆ ಕೊಟ್ಟಿದ್ದೀರಿ ನೋಡಿ. ಟಾರ್ಚ್ ಆ್ಯಪಿಗೆ ಕಾಂಟ್ಯಾಕ್ಟ್ ಯಾಕೆ ಬೇಕು? ವಾಟ್ಸ್‌ಆ್ಯಪ್‌ಗೆ ಟೂ-ಸ್ಟೆಪ್ ಪಿನ್ ಹಾಕಿ, ಗುರುತಿಲ್ಲದವರು ಗ್ರೂಪಿಗೆ ಸೇರಿಸದ ಹಾಗೆ ಮಾಡಿ. ಸಂಚಾರ್ ಸಾಥಿ ಜಾಲತಾಣದಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಅಂತ ನೋಡಬಹುದು, ನಿಮ್ಮದಲ್ಲದ್ದನ್ನು ಅಲ್ಲೇ ದೂರಬಹುದು. ಫೋನ್ ಕಳೆದರೆ ಬ್ಲಾಕ್ ಮಾಡಿಸೋದೂ ಅಲ್ಲೇ. ಎನಿಡೆಸ್ಕ್ ಥರದ ಪರದೆ ಹಂಚುವ ಆ್ಯಪನ್ನು ಫೋನಿನಲ್ಲಿ ಮಾತಾಡುತ್ತಿರುವ ಅಪರಿಚಿತರು ಹಾಕಿಸಿದರೆ ಕೂಡಲೇ ಕರೆ ಕತ್ತರಿಸಿ. ಹಣ ಪಡೆಯಲು ಯುಪಿಐ ಪಿನ್ ಬೇಕಾಗಿಲ್ಲ. ವಿಡಿಯೋ ಕರೆಯಲ್ಲಿ ಪೊಲೀಸ್ ಬಟ್ಟೆ ಹಾಕಿಕೊಂಡು ಡಿಜಿಟಲ್ ಅರೆಸ್ಟ್ ಅನ್ನುವವರು ಕಳ್ಳರು. ನಮ್ಮ ಕಾನೂನಿನಲ್ಲಿ ಅಂಥದ್ದೇ ಇಲ್ಲ.

ಲ್ಯಾಪ್‌ಟಾಪು

ಅಪ್‌ಡೇಟ್ ಬಂದಾಗ ಆಮೇಲೆ ಅನ್ನಬೇಡಿ. 2017ರ ಮೇನಲ್ಲಿ ವಾನಾಕ್ರೈ ಅನ್ನೋ ದುಷ್ಟ ತಂತ್ರಾಂಶ ಜಗತ್ತಿನಾದ್ಯಂತ ಕಂಪ್ಯೂಟರ್‌ಗಳಿಗೆ ಬೀಗ ಜಡಿದು ಒತ್ತೆಹಣ ಕೇಳಿತು. ಅದು ನುಗ್ಗಿದ ಕಂಡಿಯನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಿತ್ತು. ಎರಡು ತಿಂಗಳು ಟೈಮ್ ಇತ್ತು. ಆಮೇಲೆ ಅಂದವರೇ ಹೆಚ್ಚಾಗಿ ಸಿಕ್ಕಿಬಿದ್ದದ್ದು.

ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೆಸರು ನೋಂದಾಯಿಸಿದವರಿಗೆ ಭದ್ರತಾ ಅಪ್‌ಡೇಟ್ ಇನ್ನೊಂದು ವರ್ಷ ಅಂತ ಕೊಟ್ಟರು. ಚಿಕ್ಕಪ್ಪನದು ಹಳೇ ಯಂತ್ರ, ವಿಂಡೋಸ್ 11 ಹಾಕಲು ಬರಲಿಲ್ಲ. ಅವರು ಮಾಡೋದು ಮೇಲ್, ಬ್ರೌಸರ್, ಕೊಬ್ಬರಿ ಲೆಕ್ಕದ ಶೀಟು, ಯೂಟ್ಯೂಬ್‌ನಲ್ಲಿ ಹರಿಕಥೆ. ಇಷ್ಟಕ್ಕೆ, ವಿಂಡೋಸ್ ಬದಲು ಹಾಕಬಹುದಾದ ಉಚಿತ ಲಿನಕ್ಸ್ ಮಿಂಟ್ ಬೇಕಾದಷ್ಟಾಯಿತು, ಅದನ್ನೇ ಹಾಕಿಕೊಟ್ಟೆ. ವಾರದಲ್ಲಿ ರೂಢಿಯಾಯಿತು ಅಂದರು.

ವಿಂಡೋಸ್‌ನಲ್ಲೇ ಇರುವವರಿಗೆ ಅದರ ಜೊತೆ ಬರುವ ಡಿಫೆಂಡರ್ ಸಾಕು, ಮನೆಬಳಕೆಗೆ ಬೇರೆ ಆಂಟಿವೈರಸ್ ಕೊಳ್ಳಬೇಕಾಗಿಲ್ಲ ಅನ್ನೋದು ನನ್ನ ಅಭಿಪ್ರಾಯ. ಆದರೆ ಅಂಗಡಿಯವರು ಕ್ರ್ಯಾಕ್ ಮಾಡಿದ ವಿಂಡೋಸ್ ಹಾಕಿಕೊಡುವಾಗ ಡಿಫೆಂಡರನ್ನೇ ಆಫ್ ಮಾಡಿರಬಹುದು, ತೆರೆದು ನೋಡಿ. ಕನ್ನಡ ಟೈಪಿಂಗ್‌ಗಾಗಿ ಸಿಕ್ಕಸಿಕ್ಕ ಸೈಟಿನಿಂದ ಏನೇನೋ ಇಳಿಸಿಕೊಳ್ಳಬೇಡಿ, ಯೂನಿಕೋಡ್ ಕನ್ನಡದ ಕೀಲಿಮಣೆ ವಿಂಡೋಸ್ ಒಳಗೇ ಇದೆ. ಫೋಲ್ಡರ್‌ನ ವ್ಯೂನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಆನ್ ಮಾಡಿಡಿ. ಆಗ ಬಿಲ್ ಡಾಟ್ ಪಿಡಿಎಫ್ ಅಂತ ಕಾಣುತ್ತಿದ್ದ ಫೈಲಿನ ಬಾಲದಲ್ಲಿ ಡಾಟ್ ಇಎಕ್ಸ್‌ಇ ಅಂತ ಅಡಗಿದ್ದರೆ ಕಾಣುತ್ತದೆ. ಫೋಟೋ, ಪತ್ರಗಳ ಇನ್ನೊಂದು ಪ್ರತಿ ಹಾರ್ಡ್‌ಡಿಸ್ಕ್‌ನಲ್ಲಿರಲಿ, ಪ್ರತಿ ಆದಮೇಲೆ ಅದರ ವೈರ್ ಕಿತ್ತಿಡಿ. ಚುಚ್ಚಿಯೇ ಇದ್ದರೆ ಬೀಗ ಹಾಕುವ ವೈರಸ್ ಅದಕ್ಕೂ ಬೀಗ ಹಾಕುತ್ತದೆ.

ದುಡ್ಡು ಹೋಗಿಬಿಟ್ಟರೆ

ನಾಚಿಕೆ ಪಟ್ಟುಕೊಂಡು ಸುಮ್ನೆ ಕೂರಬೇಡಿ. ಓದಿದವರು, ಅಧಿಕಾರಿಗಳು, ಬ್ಯಾಂಕಿನವರೂ ಮೋಸ ಹೋಗಿದ್ದಾರೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಫೋನ್ ಮಾಡಿ. ಹೋದ ಹಣ ಖಾತೆಯಿಂದ ಖಾತೆಗೆ ಜಿಗಿಯುತ್ತಾ ಹೋಗುತ್ತದೆ, ಕೊನೆಗೆ ಯಾರೋ ಎಟಿಎಂನಿಂದ ತೆಗೆಯುತ್ತಾರೆ. ಅದಕ್ಕೂ ಮೊದಲು ದೂರು ಹೋದರೆ ನಡುವೆಯೇ ತಡೆಯಲು ಆಗುತ್ತದೆ, ಅದಕ್ಕೇ ಮೊದಲ ಒಂದೆರಡು ಗಂಟೆಗೆ ಅಷ್ಟು ಬೆಲೆ. ಆಮೇಲೆ ಬ್ಯಾಂಕಿಗೆ ಲಿಖಿತವಾಗಿ ತಿಳಿಸಿ, ದೂರಿನ ನಂಬರ್ ಪಡೆಯಿರಿ. ನಿಮ್ಮ ತಪ್ಪಾಗಲೀ ಬ್ಯಾಂಕಿನ ತಪ್ಪಾಗಲೀ ಇಲ್ಲದೆ ಹೊರಗಿನವರಿಂದ ಹಣ ಹೋಗಿದ್ದರೆ, ಬ್ಯಾಂಕಿನಿಂದ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರ ಮೇಲೆ ನಷ್ಟದ ಹೊರೆ ಬೀಳಬಾರದು ಅಂತ ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲೇ ಸುತ್ತೋಲೆ ಹೊರಡಿಸಿದೆ. ಒಟಿಪಿ ನೀವೇ ಹೇಳಿದ್ದರೆ ಈ ರಕ್ಷಣೆ ಸಿಗೋದಿಲ್ಲ, ಆದರೂ ತಿಳಿಸಿದ ಮೇಲೆ ಹೋಗುವ ಹಣಕ್ಕೆ ಬ್ಯಾಂಕೇ ಹೊಣೆ. ಅದಕ್ಕೇ ಆಗಲೂ ತಡ ಮಾಡಬಾರದು.

ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಅನ್ನೋ ಜಾಲತಾಣದಲ್ಲಿ ದೂರು ಬರೆಯಬಹುದು. ದೇಶದ ಮೊದಲ ಸೈಬರ್ ಅಪರಾಧ ಠಾಣೆ ಶುರುವಾಗಿದ್ದು 2001ರಲ್ಲಿ, ಬೆಂಗಳೂರಿನಲ್ಲೇ. ಈಗ ಜಿಲ್ಲೆಗಳಲ್ಲೂ ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳನ್ನು ನೋಡುವ ಸೆನ್ ಠಾಣೆಗಳಿವೆ, ಮಾಮೂಲಿ ಠಾಣೆಗೂ ಹೋಗಬಹುದು. ಸ್ಕ್ರೀನ್‌ಶಾಟ್, ನಂಬರ್, ವ್ಯವಹಾರದ ಗುರುತು ಸಂಖ್ಯೆ ಯಾವುದನ್ನೂ ಅಳಿಸಬೇಡಿ, ಮರ್ಯಾದೆ ಹೋಗುತ್ತೆ ಅಂತ ಚಾಟ್ ಅಳಿಸಿದರೆ ಹಣದ ಜಾಡೇ ಹೋಗುತ್ತದೆ.

ಹೊರಡುವ ಮುಂಚೆ ಚಿಕ್ಕಮ್ಮ ಅಡುಗೆಮನೆಯ ಕ್ಯಾಲೆಂಡರ್ ತಂದುಕೊಟ್ಟರು. ಹಾಲಿನ ಲೆಕ್ಕ ಬರೆಯುವ ಜಾಗದ ಮೇಲೆ ಕೆಂಪು ಪೆನ್ನಿನಲ್ಲಿ 1930 ಅಂತ ದೊಡ್ಡದಾಗಿ ಬರೆಸಿಕೊಂಡರು. ಅದರ ಕೆಳಗೆ ನನ್ನ ನಂಬರನ್ನೂ ಬರೆದೆ.